ದ್ರಾಕ್ಷಿ ಹಿಂಡಿದ ಕೈ

ಶನಿವಾರ ಮಧ್ಯಾಹ್ನ ರಾಹೇಲವ್ವ ನೆನೆಹಾಕಿದ ಕರಿದ್ರಾಕ್ಷಿಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತಿದ್ದಳು. ಗಂಡ ವಿಕ್ರೋಳಿಯ ಕನ್ನಡ ಕ್ರೈಸ್ತ ಸಭೆಗೆ ಅಯ್ಯನವರಾಗಿ, ಎಂದರೆ ಪಾದ್ರಿಯಾಗಿ, ಬಂದಂದಿನಿಂದ, ಯೇಸುವಿನ ನೆನಪಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ರಸ ಅವಳ ಕೈಯದೇ. ಅಂದಿನ ಹಿಡಿತ ನೋಡಿದರೆ ದ್ರಾಕ್ಷಿಯ ಜೊತೆಗೆ ಯಾರದೋ ಕುತ್ತಿಗೆಯನ್ನೂ ಹಿಂಡುವಂತಿತ್ತು.

ಆ ಕುತ್ತಿಗೆ ನೀಲಾವತಿಯದು. ಬೆಟಗೇರಿಯ ಹುಡುಗಿ, ದೇವಶಾಸ್ತ್ರ ಓದಿ ಸಭೆಯ ಹೆಂಗಸರ ನಡುವೆ ಕೆಲಸ ಮಾಡಲು ಬಂದವಳು. ರಾಹೇಲವ್ವ ಬೈಬಲ್ ವಾಕ್ಯ ಓದುವಾಗ ತೂಕಡಿಸುತ್ತಿದ್ದವರೆಲ್ಲ ಇವಳು ಬಾಯಿ ತೆರೆದರೆ ಕಣ್ಣರಳಿಸಿ ಕೂರುತ್ತಿದ್ದರು. ಪ್ರಸಂಗಪೀಠ ಹತ್ತುವ ಆಸೆ ಒಂದು ಕಾಲಕ್ಕೆ ರಾಹೇಲವ್ವನಿಗೂ ಇತ್ತು. ತಂದೆ ನಕ್ಕುಬಿಟ್ಟು, ಅಯ್ಯನವರಿಗೆ ಕೊಟ್ಟು ಮದುವೆ ಮಾಡಿದ್ದರು. ತನಗೆ ಸಿಗದದ್ದು ನಿನ್ನೆ ಮೊನ್ನೆ ಬಂದವಳಿಗೆ ಸಿಗುತ್ತದೆಂದರೆ ಹೊಟ್ಟೆ ಉರಿಯದೇ ಇರುತ್ತದೆಯೇ?

ಸಿಗುವ ಕಾಲವೂ ಹತ್ತಿರ ಬಂದಂತಿತ್ತು. ಆ ವರ್ಷ, ೧೯೭೮ರಲ್ಲಿ, ಇಂಗ್ಲೆಂಡಿನಲ್ಲಿ ಕೂಡಿದ ಆಂಗ್ಲಿಕನ್ ಬಿಷಪ್ಪರು ಹೆಂಗಸರಿಗೆ ಗುರುದೀಕ್ಷೆ ಕೊಟ್ಟು ಅಯ್ಯನವರನ್ನಾಗಿ ಮಾಡುವುದೇ, ಮುಂದೆ ಬಿಷಪ್ಪರನ್ನಾಗಿಯೂ ಮಾಡುವುದೇ ಎಂದು ವಾದಕ್ಕೆ ಬಿದ್ದಿದ್ದರು. ಇಲ್ಲಿಯ ಬಿಷಪ್ಪರೂ ಸಭೆ ಸಭೆಯ ಮನಸ್ಸು ಕೇಳಿದ್ದರು. ನಾಳೆ ಆರಾಧನೆ ಮುಗಿದ ಮೇಲೆ ಒಪ್ಪುವವರು ಕೈ ಎತ್ತಿ ಹೇಳಬೇಕು. ಹೆಂಗಸರೆಲ್ಲ ರಾಹೇಲವ್ವನ ಕೈ ನೋಡುವವರೇ. ಆ ಕೈ ಏಳುವುದಿಲ್ಲವೆಂದು ಅವಳು ನಿಶ್ಚಯಿಸಿಯಾಗಿತ್ತು.

ಸಂಜೆ ಅಯ್ಯನವರು ಕಾಯಿಲೆಯ ನಾಗವ್ವನಿಗೆ ಕರ್ತನ ಭೋಜನ ಕೊಡಲು ಚಾಳಿಗೆ ಹೊರಟರು. ರಾಹೇಲವ್ವ ರಸ ಹಿಡಿದು ನಡೆದಳು, ನೀಲಾವತಿಯೂ ಜೊತೆಗೂಡಿದಳು.

"ಹೆಂಗಸರು ಸಭೆಯಾಗ ಸುಮ್ಮನಿರಬೇಕಂತ ಪೌಲ ಬರದಾನ," ಎಂದಳು ರಾಹೇಲವ್ವ, ಯಾರೂ ಕೇಳದಿದ್ದರೂ.

"ಯೇಸು ಎದ್ದ ಸುದ್ದಿ ಮೊದಲ ಹೇಳಿದಾಕಿ ಹೆಂಗಸಲ್ಲೇನ್ರಿ, ಅಮ್ಮಾರ?" ನೀಲಾವತಿ ಮೆಲ್ಲಗೆ ಕೇಳಿದಳು.

"ಎರಡೂ ಬೈಬಲ್ಲಿನಾಗ ಅದಾವ," ಎಂದರು ಅಯ್ಯನವರು. "ಆದ್ರ ಹಳೇ ಪದ್ಧತಿ ಒಮ್ಮೆಲೇ ಮುರದ್ರ ಸಭೆ ಒಡೀತೈತಿ ಅಂತ ನನಗ ಅಂಜಿಕಿ."

ನಾಗವ್ವನ ಎದೆಯಲ್ಲಿ ಹುಣ್ಣಾಗಿತ್ತು, ಮೈಮೇಲೆ ಬಟ್ಟೆ ತಾಳುತ್ತಿರಲಿಲ್ಲ. ಅಯ್ಯನವರ ದನಿ ಕೇಳಿದ್ದೇ ಗೋಡೆಯತ್ತ ತಿರುಗಿದಳು. "ಒಳಗ ಬರಬ್ಯಾಡ್ರಿ. ಗಂಡಸರ ಮುಂದ ಹಿಂಗ ಹೆಂಗ ಮಲಗಲಿ? ಅಮ್ಮಾರ, ನೀವ ಕೊಡ್ರಿ."

"ದೀಕ್ಷೆ ಇಲ್ಲದ ಕೈಲಿ ಕೊಡೂ ಹಂಗಿಲ್ಲ, ನಾಗವ್ವ," ಹೊಸ್ತಿಲಾಚೆ ನಿಂತ ಅಯ್ಯನವರ ದನಿ ಸಣ್ಣದಾಯಿತು.

"ಹಂಗಾರ ನೀಲಾವತಿ ಅಯ್ಯನೋರು ಆಗೂತನಕ ಕಾಯ್ತೀನಿ. ಅಲ್ಲೀತನಕ ಜೀವ ಇದ್ರ."

ಸಾಯುವವಳ ಬಾಯಲ್ಲೂ ಅವಳ ಹೆಸರೇ! ರಾಹೇಲವ್ವನಿಗೆ ಕೆನ್ನೆಗೆ ಹೊಡೆದಂತಾಯಿತು. ಆದರೆ ನಾಗವ್ವನಿಗೆ ಸಿಗದೆ ಉಳಿದ ರಸದ ಬಟ್ಟಲನ್ನು ಹಾಗೆಯೇ ಮನೆಗೆ ಹೊತ್ತು ತಂದವಳೂ ತಾನೇ. ದಾರಿಯುದ್ದಕ್ಕೂ ಅದು ಭಾರವೆನಿಸಿತು.

ಮರುದಿನ ಸಭೆ ಕೂಡಿದಾಗ, ಅಯ್ಯನವರು ಕೇಳಿ ಮುಗಿಸುವ ಮೊದಲೇ ರಾಹೇಲವ್ವ ಎದ್ದು ಕೈ ಎತ್ತಿದಳು. ಬೆರಳುಗಳಲ್ಲಿ ದ್ರಾಕ್ಷಿಯ ಕಲೆ ಇನ್ನೂ ಇತ್ತು.

"ನೀಲಾವತಿನ್ನ ಕಂಡ್ರ ನನಗ ಹೊಟ್ಟಿಕಿಚ್ಚ ಐತಿ. ಸುಳ್ಳ ಯಾಕ ಹೇಳಲಿ. ಆದ್ರ ನಾಗವ್ವ ಕೇಳಿದ್ದು ಕರ್ತನ ಭೋಜನ, ನನ್ನ ಹೊಟ್ಟಿಕಿಚ್ಚಲ್ಲ."

ಹೆಂಗಸರ ಕೈಗಳು ಒಂದೊಂದಾಗಿ ಎದ್ದವು. ಗಂಡಸರಲ್ಲಿ ಅನೇಕರು ಕೈಕಟ್ಟಿಯೇ ಕುಳಿತರು. ಅಯ್ಯನವರು ಹೆಂಡತಿಯ ಕೈಯಿಂದಲೇ ಎಣಿಸಲು ಶುರುಮಾಡಿದರು.

ಎಲ್ಲರೂ ಹೋದ ಮೇಲೆ ನೀಲಾವತಿ ಬಟ್ಟಲು ತೊಳೆಯಲು ಕೈ ಚಾಚಿದಳು. "ಬಿಡು, ಅದು ನನ್ನ ಕೆಲಸ," ಎಂದು ರಾಹೇಲವ್ವ ಕಿತ್ತುಕೊಂಡಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಮುಂದಿನ ಶನಿವಾರ ಮನೀಗ ಬಾ. ದ್ರಾಕ್ಷಿ ಹಿಂಡೂದು ಕಲಸ್ತೀನಿ. ಮುಂದ ರಸ ಕೊಡಾಕಿಗೆ ರಸ ಮಾಡೂದೂ ಗೊತ್ತಿರಬೇಕು."