ಹಿಡ್ಕೋ, ಹಿಡ್ದೆ

“ಹಿಡ್ಕೋ!” ಎಂದು ಅಪ್ಪ ಚೆಸ್ಟರ್ ಕೂಗಿದ.

ಲೊರೇನ್ ಸೀಟಿನ ಪಕ್ಕದ ಕಂಬಿಯನ್ನು ಬಿಗಿಯಾಗಿ ಹಿಡಿದು “ಹಿಡ್ದೆ!” ಎಂದಳು. ಆ ಉತ್ತರ ಕಿವಿಗೆ ಬಿದ್ದ ಮೇಲೆಯೇ ಅವನು ಗೇರಿಗೆ ಕೈ ಹಾಕಿದ್ದು. ಮೋಟಾರು ಗುರ್ರೆಂದಿತು. ಬೋಟಿನ ಮೂತಿ ಮೇಲೆದ್ದು ಈರೀ ಸರೋವರದ ಬೂದು ನೀರು ಎರಡೂ ಬದಿಗೆ ಸೀಳಿಕೊಂಡು ಹಿಂದಕ್ಕೆ ಸರಿಯಿತು. ಸದ್ಯ, ಇದನ್ನಂತೂ ಮರೆತಿಲ್ಲ ಎಂದುಕೊಂಡಳು ಲೊರೇನ್.

ಅಪ್ಪನ ಬೋಟಿನಲ್ಲಿ ಇದೊಂದು ಕಟ್ಟಳೆ. ಅವಳು ನಾಲ್ಕು ವರ್ಷದವಳಿದ್ದಾಗಿನಿಂದ ಹೀಗೆಯೇ. ಗೇರು ಹಾಕುವ ಮುಂಚೆ ಅವನು ‘ಹಿಡ್ಕೋ’ ಅನ್ನಬೇಕು, ಬೋಟಿನಲ್ಲಿರುವವರೆಲ್ಲ ‘ಹಿಡ್ದೆ’ ಅನ್ನಬೇಕು. ಒಮ್ಮೆ ಚರ್ಚಿನ ಪಾದ್ರಿಯೇ ಬಂದಿದ್ದಾಗ, ಅವರು ಉತ್ತರ ಕೊಡದೆ ನಗುತ್ತ ಕೂತಿದ್ದರೆಂದು ಬೋಟನ್ನು ಅಲ್ಲಾಡಿಸದೆ ನಿಲ್ಲಿಸಿಕೊಂಡಿದ್ದ ಮಹಾನುಭಾವ ಇವನು. ನವೆಂಬರಿನ ನೀರಿಗೆ ಬಿದ್ದವನ ಕೈಕಾಲು ಹತ್ತು ನಿಮಿಷದಲ್ಲಿ ಮರಗಟ್ಟುತ್ತವೆ, ಆಮೇಲೆ ದೇವರನ್ನು ಕರೆಯುವ ಬದಲು ಮೊದಲೇ ಕಂಬಿ ಹಿಡಿದುಕೊಳ್ಳಿ ಸ್ವಾಮಿ ಎಂದಿದ್ದನಂತೆ.

ಲೊರೇನ್ ಇವತ್ತು ಬಂದಿದ್ದು ಮೀನಿಗಲ್ಲ. ಅಪ್ಪನನ್ನು ಪರೀಕ್ಷೆ ಮಾಡುವುದಕ್ಕೆ. ಅಕ್ಟೋಬರಿನಲ್ಲಿ ಒಂದು ದಿನ ಚೆಸ್ಟರ್ ಬಂದರಿನಲ್ಲಿ ತನ್ನ ಬೋಟನ್ನು ಬೇರೆ ಯಾರದೋ ಜಾಗದಲ್ಲಿ ಕಟ್ಟಿ, ಇದು ನನ್ನದೇ ಎಂದು ಜಗಳಕ್ಕೆ ನಿಂತಿದ್ದ. ಆ ಸುದ್ದಿ ಬಫಲೋದ ಅರ್ಧ ಊರು ಸುತ್ತಿ ಅವಳ ತಮ್ಮ ಡೆನ್ನಿಯ ಕಿವಿಗೆ ಬಿತ್ತು. ಡೆನ್ನಿ ಅವತ್ತೇ ಬೋಟನ್ನು ಎಳೆದುಕೊಂಡು ಹೋಗಲು ಹೊರಟಿದ್ದ. ಇವಳೇ ತಡೆದಿದ್ದಳು.

“ಸರಿ, ನೀನೇ ಒಂದಿನ ಅವನ ಜೊತೆ ನೀರಿಗೆ ಹೋಗು,” ಎಂದಿದ್ದ ಡೆನ್ನಿ. “ನಿನ್ ಕಣ್ಣಾರೆ ನೋಡು. ಸರಿಯಾಗಿದ್ದಾನೆ ಅಂತ ನೀನಂದ್ರೆ ನಾನು ಬಾಯ್ ಮುಚ್ಕೊಂಡಿರ್ತೀನಿ. ಇಲ್ಲ ಅಂದ್ರೆ ಬೋಟು ನನ್ ಶೆಡ್ಡಿಗೆ ಬರುತ್ತೆ, ಆಮೇಲೆ ಅತ್ತು ಕರ್ದು ಮಾಡ್ಬೇಡ.”

ಅಮ್ಮ ಐರೀನ್ ಯಾವ ಕಡೆಗೂ ಸೇರಲಿಲ್ಲ. “ಬೋಟ್ ಕಿತ್ಕೊಂಡ್ರೆ ಅವನು ಮನೇಲಿ ಏನ್ ಮಾಡ್ತಾನೆ? ಕುರ್ಚಿ ಹಾಕ್ಕೊಂಡು ನನ್ ಮುಖಾನೇ ನೋಡ್ತಾ ಕೂರ್ತಾನೆ. ನನ್ ಕೈಲಾಗಲ್ಲಪ್ಪ,” ಎಂದು ಸಾಸೇಜ್ ಇಟ್ಟ ಬ್ರೆಡ್ಡು ಕಟ್ಟಿಕೊಟ್ಟು ಕಳಿಸಿದ್ದಳು.

ಚೆಸ್ಟರ್ ಮೋಟಾರು ನಿಲ್ಲಿಸಿದ. ಲೊರೇನ್ ಕ್ಯಾನ್ವಾಸಿನ ದೊಡ್ಡ ಚೀಲವನ್ನು ಹಗ್ಗದ ಸಮೇತ ನೀರಿಗೆ ಬಿಟ್ಟಳು. ಅದು ನೀರು ತುಂಬಿಕೊಂಡು ಬೋಟಿನ ಓಟಕ್ಕೆ ತಡೆ ಹಾಕುತ್ತದೆ. ಗಾಳಿ ಬೋಟನ್ನು ಮೆಲ್ಲಗೆ ಕಲ್ಲುದಿಬ್ಬದ ಮೇಲೆ ತೇಲಿಸಿಕೊಂಡು ಹೋಗುತ್ತದೆ. ಬೇಸಿಗೆಯೆಲ್ಲ ದಡದ ಸುತ್ತ ಚದುರಿಕೊಂಡಿದ್ದ ಬಾಸ್ ಮೀನುಗಳು ಈ ಚಳಿಗೆ ಆಳದ ಆ ಬಂಡೆಗಳ ಮಗ್ಗುಲಿಗೆ ಬಂದು ಮಂದೆಯಾಗಿ ನಿಂತಿರುತ್ತವೆ. ಮೈತುಂಬ ಕೊಬ್ಬು, ಆದರೆ ಮೈಗಳ್ಳತನ. ಗಾಳವನ್ನು ಜಗ್ಗುವುದಿಲ್ಲ, ಸುಮ್ಮನೆ ಬಾಯಲ್ಲಿಟ್ಟುಕೊಳ್ಳುತ್ತವೆ. ದಾರ ಒಂದಿಷ್ಟು ಭಾರ ಆದಂತೆ ಅನಿಸಿದರೆ ಅದೇ ಮೀನು.

“ಏನೇ, ಬೆಳಗ್ಗಿಂದ ನನ್ನನ್ನೇ ನೋಡ್ತಿದ್ದೀಯ? ಮೀನು ಆ ಕಡೆ ಇರೋದು,” ಎಂದ ಚೆಸ್ಟರ್.

“ನಿನ್ ಮೂಗಿಂದ ಸೊರಸೊರ ಸೋರ್ತಿದೆ, ಅದನ್ನ ನೋಡ್ತಿದ್ದೆ.”

“ಡೆನ್ನಿ ಕಳ್ಸಿದ್ದಾ ನಿನ್ನ?”

“ಡೆನ್ನಿ ಯಾಕೆ ಕಳಿಸ್ತಾನೆ? ನಾನೇ ಬಂದೆ.”

“ಸುಳ್ಳು ಹೇಳಕ್ಕೂ ಬರಲ್ಲ ನಿಂಗೆ. ಸ್ಕೂಲ್ ಬಸ್ ಓಡಿಸೋಳು, ಅಷ್ಟು ಮಕ್ಕಳ ಹತ್ರ ಕಲಿಯೋದಲ್ವಾ?” ಅವನು ನಕ್ಕ. ಆಮೇಲೆ ನಗು ಹಾಗೆಯೇ ನಿಂತಿತು. “ನಾನು ಅವತ್ತು ತಪ್ಪು ಜಾಗದಲ್ಲಿ ಕಟ್ಟಿದ್ದು ನಿಜ. ಮಂಜು ಕವಿದಿತ್ತು ಕಣೆ. ಯಾರಾದ್ರೂ ಕಟ್ತಿದ್ರು.”

ಅವತ್ತು ಮಂಜು ಇರಲಿಲ್ಲ ಎಂದು ಡೆನ್ನಿ ಹೇಳಿದ್ದ. ಲೊರೇನ್ ತನ್ನ ಗಾಳದ ಕಡೆಗೆ ಕಣ್ಣು ತಿರುಗಿಸಿದಳು. ಅಷ್ಟರಲ್ಲಿ ಅವಳ ದಾರ ಭಾರವಾಯಿತು. ಎತ್ತಿದಳು. ಗಾಳದ ಕೋಲು ಬಿಲ್ಲಿನಂತೆ ಬಾಗಿ ಅದರ ತುದಿ ನೀರಿಗೆ ತಾಗಿತು.

“ಅವಸರ ಮಾಡ್ಬೇಡ! ಬಿಡು, ಬಿಡು, ಓಡ್ಲಿ. ಈಗ ಸುತ್ತು. ಹಾಂ, ಹಾಗೆ!” ಚೆಸ್ಟರ್ ಕೈಬಲೆ ಹಿಡಿದು ಮಂಡಿಯೂರಿ ಕೂತ. ಬೋಟಿನ ಪಕ್ಕದಲ್ಲಿ ಕಂಚಿನ ಬಣ್ಣದ ದಪ್ಪ ಮೈಯೊಂದು ಹೊರಳಿತು. ಅವನು ಒಂದೇ ಬೀಸಿಗೆ ಅದನ್ನು ಬಲೆಯೊಳಗೆ ಹಾಕಿಕೊಂಡ. ಎಪ್ಪತ್ತಾರು ವರ್ಷದ ಆ ಕೈ ಒಂದಿಷ್ಟೂ ನಡುಗಲಿಲ್ಲ. ಮೀನಿನ ತೂಕ ನೋಡಿ, “ಆರು ಪೌಂಡಿಗೆ ಮೇಲಿದೆ, ಹಾಳಾದೋಳೆ! ನಂಗೆ ಈ ವರ್ಷ ಇಂಥದ್ದು ಒಂದೂ ಸಿಕ್ಲಿಲ್ಲ,” ಎಂದು ಬೈದ. ಇವರದು ಹಿಡಿದು ಬಿಡುವ ಆಟ; ಮೀನನ್ನು ತಲೆಕೆಳಗು ಮಾಡಿ ನೀರಿಗೆ ಬಿಟ್ಟ. ಅದು ಬಾಲ ಬಡಿದು ಆಳಕ್ಕೆ ಹೋಯಿತು.

ಲೊರೇನ್‌ಗೆ ಖುಷಿ ತಡೆಯಲಾಗಲಿಲ್ಲ. ಮೀನಿಗಿಂತ ಹೆಚ್ಚಾಗಿ ಆ ಕೈಗಳನ್ನು ಕಂಡು. ಡೆನ್ನಿಗೆ ಏನು ಗೊತ್ತು? ಮನೆಯಲ್ಲಿ ಕೂತವನಿಗೆ ಒಂದೆರಡು ಮರೆವು ಇದ್ದೇ ಇರುತ್ತದೆ. ನೀರಿನ ಮೇಲೆ ಇವನು ಇವತ್ತಿಗೂ ರಾಜ. ಸಂಜೆ ಫೋನು ಮಾಡಿ ‘ಬಾಯ್ ಮುಚ್ಕೊಂಡಿರು’ ಎಂದು ತಮ್ಮನಿಗೆ ಹೇಳಬೇಕೆಂದು ಅವಳು ಅಲ್ಲಿಯೇ ತೀರ್ಮಾನಿಸಿದಳು.

ಮಧ್ಯಾಹ್ನದ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿ ನೈಋತ್ಯದಿಂದ ಬೀಸಿತು. ಅಲೆಗಳ ತಲೆ ಬೆಳ್ಳಗಾಗತೊಡಗಿತು. ದಡದ ಗಾಳಿಯಂತ್ರಗಳ ರೆಕ್ಕೆಗಳು ಜೋರಾಗಿ ಸುತ್ತುತ್ತಿದ್ದವು.

“ಹೊರಡೋಣ. ಈ ಕೆರೆ ಒಂದ್ಸಲ ಕೆರಳಿತು ಅಂದ್ರೆ ಯಾರ ಮಾತೂ ಕೇಳಲ್ಲ,” ಎಂದ ಚೆಸ್ಟರ್. ಅವನು ಮೋಟಾರು ಚಾಲು ಮಾಡಿದ. “ಚೀಲ ಎತ್ಕೋ.”

ಲೊರೇನ್ ಹಿಂಬದಿಯ ಮೂಲೆಯಲ್ಲಿ ನಿಂತು ಹಗ್ಗ ಎಳೆದಳು. ನೀರು ತುಂಬಿದ ಚೀಲ ಹೆಣಭಾರವಾಗಿತ್ತು. ಅದನ್ನು ಅಂಚಿನ ಮೇಲಿಂದ ಎತ್ತಿ, ನೀರು ಸುರಿಯುತ್ತಿದ್ದಂತೆಯೇ ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಳು. ಕೆಳಗಿಡಲು ಬಗ್ಗಬೇಕೆನ್ನುವಷ್ಟರಲ್ಲಿ ಗೇರು ಬಿತ್ತು.

ಅಪ್ಪ ‘ಹಿಡ್ಕೋ’ ಎನ್ನಲಿಲ್ಲ.

ಬೋಟು ಒಮ್ಮೆಗೇ ಮುಂದಕ್ಕೆ ಜಿಗಿಯಿತು. ಅವಳ ಕಾಲ ಕೆಳಗಿನ ನೆಲ ಜಾರಿಹೋಯಿತು, ಬೆನ್ನು ಅಂಚಿಗೆ ಬಡಿಯಿತು, ಆಕಾಶ ತಿರುಗಿತು. ನೀರು ತಣ್ಣಗೆ ಅನ್ನಿಸಲಿಲ್ಲ, ಏಟಿನಂತೆ ಬಡಿಯಿತು. ಎದೆಗೆ ಒದ್ದಂತಾಗಿ ಉಸಿರು ಒಳಗೆ ಎಳೆದುಕೊಂಡಳು, ಉಸಿರಿನ ಜೊತೆ ನೀರೂ ಬಂತು. ಕುತ್ತಿಗೆಯ ಬಳಿ ಏನೋ ಢಬ್ಬೆಂದಿತು. ಲೈಫ್ ಜಾಕೆಟ್ ತಾನಾಗಿಯೇ ಉಬ್ಬಿ ಅವಳ ಮುಖವನ್ನು ಮೇಲಕ್ಕೆ ತಳ್ಳಿತು. ಅಲೆ ಅವಳನ್ನು ಎತ್ತಿದಾಗ ಬೋಟಿನ ಬೆನ್ನು ಕಂಡಿತು. ಅಪ್ಪ ಮುಂದೆ ನೋಡಿಕೊಂಡು ಹೋಗುತ್ತಲೇ ಇದ್ದ.

ಕೂಗಬೇಕು. ಕೂಗಲು ಉಸಿರೇ ಇಲ್ಲ. ನಾಯಿಯಂತೆ ಏದುಸಿರು ಬಿಡುತ್ತ ಅವಳು ಕೈ ಎತ್ತಿದಳು. ಬೋಟು ಚಿಕ್ಕದಾಗುತ್ತಲೇ ಹೋಯಿತು. ಇಷ್ಟೇನಾ, ಹೀಗೇ ಮನೆಗೆ ಹೋಗಿಬಿಡುತ್ತಾನಾ, ಬ್ರೆಡ್ಡಿನ ಡಬ್ಬಿ ಅಮ್ಮನ ಕೈಗೆ ಕೊಟ್ಟು ಕೂತುಬಿಡುತ್ತಾನಾ ಎಂದು ಅವಳಿಗೆ ಜೀವ ಬಾಯಿಗೆ ಬಂತು.

ಆಗ ಅವನು ತಿರುಗಿ ನೋಡಿದ.

ಆಮೇಲೆ ಚೆಸ್ಟರ್ ಮಾಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಬೋಟನ್ನು ದೊಡ್ಡ ಸುತ್ತು ಹಾಕಿಸಿ ಗಾಳಿ ಬರುವ ಕಡೆಗೆ ತಂದ. ಪ್ರೊಪೆಲ್ಲರ್ ಅವಳಿಗೆ ತಾಗಬಾರದೆಂದು ದೂರದಲ್ಲಿಯೇ ಮೋಟಾರು ಆರಿಸಿದ. ಗಾಳಿಯೇ ಬೋಟನ್ನು ಅವಳ ಮಗ್ಗುಲಿಗೆ ತಂದು ಬಿಟ್ಟಿತು. ಕೈಬಲೆಯ ಕೋಲನ್ನು ಚಾಚಿದ.

“ಇಲ್ನೋಡು. ನನ್ ಮುಖ ನೋಡು. ಉಸಿರು ಹೊರಗೆ ಬಿಡು, ಪುಟ್ಟಿ. ಬಿಡು. ಹಾಂ. ಕೋಲ್ ಹಿಡಿ.”

“ಆಗ್ತಿಲ್ಲ ಅಪ್ಪ.”

“ಆಗುತ್ತೆ. ಕೈಲಾಗದಿದ್ರೆ ಕಂಕುಳಲ್ಲಿ ಸಿಗಿಸ್ಕೋ.”

ಸಿಗಿಸಿಕೊಂಡಳು. ಅವನು ಅವಳ ಜಾಕೆಟ್ಟಿನ ಪಟ್ಟಿ ಹಿಡಿದು ಮೇಲಕ್ಕೆ ಎಳೆದ. ಅವಳ ದಪ್ಪ ಚಳಿಬಟ್ಟೆಯ ತುಂಬ ನೀರು ತುಂಬಿತ್ತು. ಒಂದು ಗೇಣೂ ಮೇಲೇಳಲಿಲ್ಲ. ಮತ್ತೊಮ್ಮೆ ಎಳೆದ. ಅವನ ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. ಅವಳ ಬೆರಳುಗಳು ಆಗಲೇ ಬೇರೆಯವರ ಬೆರಳುಗಳಾಗಿದ್ದವು.

“ಎಳೆಯೋದು ಬೇಡ,” ಎಂದ ಅವನು, ತನಗೆ ತಾನೇ ಎನ್ನುವಂತೆ. ಜಾಕೆಟ್ಟಿನ ಪಟ್ಟಿ ಬಿಡದೆ ಅವಳನ್ನು ಬೋಟಿನ ಹಿಂಭಾಗಕ್ಕೆ ಸರಿಸಿಕೊಂಡು ಹೋದ. “ಮೋಟಾರ್ ಆಫ್ ಆಗಿದೆ, ಹೆದರ್ಬೇಡ. ಪ್ರೊಪೆಲ್ಲರ್ ಮೇಲ್ಗಡೆ ಒಂದು ಚಪ್ಪಟೆ ತಟ್ಟೆ ಇದೆ. ಕಾಲಲ್ಲಿ ತಡಕು. ಸಿಕ್ತಾ?”

“ಸಿಕ್ತು.”

“ಎರಡೂ ಕಾಲು ಅದರ ಮೇಲಿಡು. ಮೋಟಾರನ್ನ ತಬ್ಕೋ. ನಿನ್ ಗಂಡನ್ನ ತಬ್ಕೊಂಡಂಗೆ ತಬ್ಕೊಳ್ಳೆ, ನಾಚ್ಕೋಬೇಡ!”

ಅವನು ಮೋಟಾರು ಎತ್ತುವ ಗುಂಡಿ ಒತ್ತಿದ. ದಡಕ್ಕೆ ಬಂದಾಗ ಪ್ರೊಪೆಲ್ಲರ್ ಕಾಂಕ್ರೀಟಿಗೆ ತಾಗದಂತೆ ಮೇಲೆತ್ತಲು ಒತ್ತುವ ಗುಂಡಿ ಅದು. ಯಂತ್ರ ನರಳುತ್ತ ಮೋಟಾರನ್ನು ಮೇಲಕ್ಕೆ ಎತ್ತಿತು, ಅದರ ಜೊತೆಗೆ ಅವಳನ್ನೂ. ನೀರು ಸೊಂಟಕ್ಕಿಳಿಯಿತು, ಮಂಡಿಗಿಳಿಯಿತು. ಚೆಸ್ಟರ್ ಪಟ್ಟಿ ಹಿಡಿದು ಒಳಗೆ ಎಳೆದ. ಇಬ್ಬರೂ ಬೋಟಿನ ನೆಲದ ಮೇಲೆ ಒಬ್ಬರ ಮೇಲೊಬ್ಬರು ಬಿದ್ದರು.

ಅವನು ಅಳುತ್ತಿದ್ದ. ಅಳುತ್ತಲೇ ಅವಳ ಒದ್ದೆ ಬಟ್ಟೆ ಬಿಚ್ಚಿ, ತನ್ನ ಕೋಟು, ಸ್ವೆಟರು, ಟೋಪಿ ಎಲ್ಲವನ್ನೂ ತೊಡಿಸಿದ. ತಾನು ಬರೀ ಅಂಗಿಯಲ್ಲಿ ನಿಂತು ಬಂದರಿನ ಕಡೆಗೆ ಬೋಟು ತಿರುಗಿಸಿದ. ಹೊರಡುವ ಮುಂಚೆ “ಹಿಡ್ಕೋ!” ಎಂದು ಕೂಗಿದ.

ಲೊರೇನ್‌ಗೆ ಹಲ್ಲು ಕಟಕಟಿಸಿ ಮಾತು ಹೊರಡಲಿಲ್ಲ. ತಲೆಯಾಡಿಸಿದಳು. ಅಪ್ಪನಿಗೆ ತನ್ನ ತಪ್ಪು ಗೊತ್ತಾಗಿದೆ, ಅದಕ್ಕೇ ಅಳು ಎಂದುಕೊಂಡಳು. ಒಂದು ಸಲ ಯಾರಿಗಾದರೂ ತಪ್ಪುತ್ತದೆ. ಗೊತ್ತಾದರೆ ಸಾಕು. ಗೊತ್ತಾದವನು ಮುಂದಿನ ಸಲ ಹುಷಾರಾಗಿರುತ್ತಾನೆ.

ಬಂದರಿನಲ್ಲಿ ಅವನ ಹಳೆಯ ಗೆಳೆಯ ನಾರ್ಬ್ ತನ್ನ ಬೋಟಿಗೆ ಹೊದಿಕೆ ಕಟ್ಟುತ್ತಿದ್ದ. ಇವರನ್ನು ಕಂಡು ಓಡಿಬಂದ. ಇಬ್ಬರೂ ಸೇರಿ ಲೊರೇನ್‌ಳನ್ನು ಟ್ರಕ್ಕಿನೊಳಗೆ ಕೂರಿಸಿ ಹೀಟರ್ ಹಾಕಿದರು. ಬೋಟನ್ನು ಟ್ರೇಲರಿಗೆ ಏರಿಸಿ ಇಳಿಜಾರಿನ ಮೇಲಕ್ಕೆ ಎಳೆದು ತಂದರು. ಕಿಟಕಿಯ ಗಾಜು ಬೆರಳಗಲ ಇಳಿದಿತ್ತು. ಹೊರಗಿನ ಮಾತು ಅವಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

“ಹೆಂಗ್ ಬಿದ್ಲೋ?” ಎಂದ ನಾರ್ಬ್, ತನ್ನ ಕೋಟನ್ನು ಚೆಸ್ಟರನ ಹೆಗಲಿಗೆ ಹೊದಿಸುತ್ತ.

“ಅದೇ ನಂಗೂ ಅರ್ಥ ಆಗ್ತಿಲ್ಲ ಕಣೋ. ‘ಹಿಡ್ಕೋ’ ಅಂದೆ. ‘ಹಿಡ್ದೆ’ ಅಂದ್ಲು. ಕಿವಿಯಾರೆ ಕೇಳಿದೀನಿ. ಆಮೇಲೇ ಗೇರ್ ಹಾಕಿದ್ದು. ಅಷ್ಟರಲ್ಲಿ ಕೈ ಬಿಟ್ಟಿದ್ದಾಳೆ. ಈಗಿನ ಹುಡುಗೀರಿಗೆ ಗಮನ ಇಲ್ಲ.”

ಲೊರೇನ್ ಗಾಜಿನಾಚೆಯ ಆ ಮುಖವನ್ನೇ ನೋಡಿದಳು. ಅವನ ಸುಳ್ಳು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಸುಳ್ಳು ಹೇಳುವಾಗ ಕಿವಿಯ ತುದಿ ತುರಿಸಿಕೊಳ್ಳುತ್ತಾನೆ. ಈಗ ಅವನ ಕೈ ಅಲ್ಲಾಡಲಿಲ್ಲ. ಕಣ್ಣು ನಾರ್ಬ್‌ನ ಕಣ್ಣಿನಲ್ಲಿಯೇ ನೆಟ್ಟಿತ್ತು. ಅವನು ಕೇಳಿದ್ದಾನೆ. ಅವಳು ಹೇಳದ ಮಾತನ್ನು ಅವನು ನಿಜವಾಗಿಯೂ ಕೇಳಿದ್ದಾನೆ. ಹೀಟರಿನ ಬಿಸಿಗಾಳಿಯಲ್ಲಿ ಕೂತೇ ಅವಳಿಗೆ ಮತ್ತೆ ನೀರಿಗೆ ಬಿದ್ದಂತಾಯಿತು.

ಸೀಟಿನ ಮೇಲೆ ಬಿಟ್ಟುಹೋಗಿದ್ದ ಅವಳ ಫೋನು ಹೊಡೆದುಕೊಂಡಿತು. ಡೆನ್ನಿ.

“ಏನಾಯ್ತು? ಹೆಂಗಿದ್ದ?”

“ನಾನು ನೀರಿಗೆ ಬಿದ್ದೆ. ಅಪ್ಪ ಎತ್ತಿದ.”

“ಅಯ್ಯೋ ದೇವ್ರೇ! ಈಗ ಹೆಂಗಿದ್ದೀಯ?”

“ಪರವಾಗಿಲ್ಲ. ಬೆಚ್ಚಗಿದ್ದೀನಿ.”

“ಅವನೊಬ್ನೇ ಎತ್ತಿದ್ನಾ? ನಿನ್ನ ಗಾತ್ರಕ್ಕೆ?” ಎಂದ ಡೆನ್ನಿ. “ಹಂಗಾದ್ರೆ ಮುದುಕ ಗಟ್ಟಿಯಾಗೇ ಇದ್ದಾನೆ. ನಾನೇ ತಪ್ಪು ತಿಳ್ಕೊಂಡೆ ಅನ್ಸುತ್ತೆ. ಅಲ್ವಾ?”

‘ಹೂಂ’ ಎಂದರೆ ಸಾಕಿತ್ತು. ಅದರಲ್ಲಿ ಸುಳ್ಳೂ ಇರಲಿಲ್ಲ. ಆ ತಟ್ಟೆ, ಆ ಗುಂಡಿ, ಗಾಳಿಯ ಲೆಕ್ಕ, ಇವನಲ್ಲದೆ ಬೇರೆ ಯಾರಿದ್ದರೂ ಅವಳು ಈ ಹೊತ್ತಿಗೆ ಹೆಣವಾಗಿರುತ್ತಿದ್ದಳು. ಹೊರಗೆ ಚೆಸ್ಟರ್ ಏನೋ ಹೇಳಿ ನಾರ್ಬ್‌ನನ್ನು ನಗಿಸುತ್ತಿದ್ದ. ಅವಳಿಗೆ ಅಪ್ಪನ ಮೇಲೆ ಇಷ್ಟು ಪ್ರೀತಿ ಯಾವತ್ತೂ ಉಕ್ಕಿ ಬಂದಿರಲಿಲ್ಲ.

“ಅಕ್ಕಾ? ಇದ್ದೀಯಾ?”

“ನಾಳೆ ಬಾ,” ಎಂದಳು ಲೊರೇನ್. “ಟ್ರಕ್ ತಗೊಂಡ್ ಬಾ. ಬೋಟು ತಗೊಂಡ್ ಹೋಗು.”

“ಏನು? ಈಗ ತಾನೇ ಅಪ್ಪ ಎತ್ತಿದ ಅಂದ್ಯಲ್ಲ...”

“ಫೋನಲ್ಲಿ ಕೇಳ್ಬೇಡ, ಡೆನ್ನಿ. ಬಾ ಅಷ್ಟೇ.”

“ಅವನಿಗೆ ಹೇಳಿದ್ಯಾ?”

“ಇಲ್ಲ.”

ಫೋನನ್ನು ಮಡಿಲಿಗೆ ಹಾಕಿಕೊಂಡು ಕನ್ನಡಿಯಲ್ಲಿ ಹಿಂದೆ ನೋಡಿದಳು. ಚೆಸ್ಟರ್ ಬೋಟಿನ ಹಿಂಭಾಗದಲ್ಲಿ ಕುಕ್ಕರಗಾಲಿನಲ್ಲಿ ಕೂತು ತಳದ ಬಿರಡೆಯನ್ನು ತಿರುಗಿಸಿ ತೆಗೆಯುತ್ತಿದ್ದ. ಒಳಗೆ ಸೇರಿದ್ದ ನೀರು ದಪ್ಪ ಧಾರೆಯಾಗಿ ಸುರಿದು, ಇಳಿಜಾರಿನ ಮೇಲೆ ಹರಿದು ಸರೋವರದ ಕಡೆಗೆ ಹೋಯಿತು. ಅವನು ಎದ್ದು ಬಂದು ಅವಳ ಕಡೆಯ ಬಾಗಿಲು ತೆರೆದ. ಒಳನುಗ್ಗಿದ ಚಳಿಯ ಹಿಂದೆಯೇ ಅವನ ನಗುಮುಖ ಬಂತು. ಮೂಗಿನ ತುದಿ ಕೆಂಪಾಗಿತ್ತು.

“ಬಣ್ಣ ಬಂತು ಮುಖಕ್ಕೆ,” ಎಂದ. “ಕೈ ಚಾಚು.”

ಕೋಟಿನ ಉದ್ದ ತೋಳಿನಿಂದ ಅವಳು ಕೈ ಹೊರಗೆ ತೆಗೆದಳು. ಅವನು ಹಿತ್ತಾಳೆಯ ಆ ಪುಟ್ಟ ಬಿರಡೆಯನ್ನು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದ.

“ನೀನೇ ಇಟ್ಕೊಂಡಿರು. ಇದಿಲ್ದೆ ನೀರಿಗೆ ಇಳಿದ್ರೆ ಬೋಟು ಮುಳುಗೇ ಹೋಗುತ್ತೆ. ನಾನು ಈಚೆಗೆ ಎಲ್ಲಿಡ್ತೀನೋ ಮರ್ತೇ ಬಿಡ್ತೀನಿ.” ಬಾಗಿಲು ಮುಚ್ಚಲು ಹೋದವನು ಮತ್ತೆ ತಲೆ ಒಳಗೆ ಹಾಕಿದ. “ಮುಂದಿನ ಶನಿವಾರ ಗಾಳಿ ಇರಲ್ವಂತೆ, ನಾರ್ಬ್ ಹೇಳ್ದ. ಆಗ ಕೊಡು.”

“ಹೂಂ ಅಪ್ಪ,” ಎಂದಳು ಲೊರೇನ್.

ಅವನು ಬಾಗಿಲು ಮುಚ್ಚಿ, ಟ್ರಕ್ಕಿನ ಮುಂದಿನಿಂದ ಸುತ್ತಿ ಬರುತ್ತ, ಗಾಜಿನ ಮೇಲೆ ಬೀಳುತ್ತಿದ್ದ ಸಣ್ಣ ಹಿಮವನ್ನು ಬರಿಗೈಯಲ್ಲೇ ಒರೆಸಿದ. ಬಿರಡೆ ಅವಳ ಮುಷ್ಟಿಯೊಳಗೆ ಮಂಜುಗಡ್ಡೆಯಷ್ಟು ತಣ್ಣಗಿತ್ತು. ಅವಳು ಕೈ ಬಿಚ್ಚಲಿಲ್ಲ.