ಖಾಸಿಂಬೀಯ ಈಗಿನ ವಿಳಾಸ

"ಏ ಗಡಿಯಾರದಾಕಿ, ಮುಕಳಿ ಎತ್ತಿದ್ದು ಸಾಕು, ಮ್ಯಾಲೆ ಬಾ. ನಿನ್ನ ದವಾಖಾನಿ ಸಾಬ್ರು ಬಂದಾರ."

ಗದ್ದೆಯ ಒಡೆಯ ಪಂಪಣ್ಣ ಬದುವಿನ ಮೇಲೆ ನಿಂತು ಕೂಗಿದ. ಸಾಲಿನಲ್ಲಿ ಬಗ್ಗಿ ನೆಲ್ಲಿನ ಸಸಿ ಹಚ್ಚುತ್ತಿದ್ದ ಹೆಂಗಸರು ಕಿಸಕ್ಕೆಂದರು. ಮುದುಕಮ್ಮ ಕೆಸರಿನಿಂದ ಕಾಲು ಕಿತ್ತುಕೊಂಡು ನೆಟ್ಟಗಾದಳು. ಅವಳ ಎದೆಯೊಳಗೆ ಟಿಕ್ ಟಿಕ್ ಸದ್ದು. ಗಾಳಿ ನಿಂತರೆ ಪಕ್ಕದ ಸಾಲಿನವರಿಗೂ ಕೇಳುತ್ತಿತ್ತು.

"ನನ್ನ ಗಡಿಯಾರ ನಡದೈತ್ರಿ ಸಾವ್ಕಾರ್ರ. ನಿಮ್ಮದ ಕೂಲಿ ಬಿಡೋ ಹೊತ್ತಿಗೆ ನಿಂತು ಬಿಡ್ತೈತಿ" ಎಂದಳು.

ಈ ಸಲ ಹೆಂಗಸರು ಬಾಯಿಬಿಟ್ಟೇ ನಕ್ಕರು.

ಎರಡು ವರ್ಷದ ಹಿಂದೆ ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವಳ ಹೃದಯಕ್ಕೆ ಕವಾಟ ಕೂಡಿಸಿದ್ದರು. ಹೊಸ ನಮೂನೆಯ ಕವಾಟ. ಜನರ ಎದೆಯಲ್ಲಿಟ್ಟು ಇನ್ನೂ ಪರೀಕ್ಷೆ ಮಾಡುತ್ತಿದ್ದರು, ಅದಕ್ಕೇ ಪುಕ್ಕಟೆ. ರಕ್ತ ಗಟ್ಟಿಯಾಗಿ ಅದಕ್ಕೆ ಮೆತ್ತಿಕೊಳ್ಳದಂತೆ ಸಾಯುವ ತನಕ ಗುಳಿಗೆ ನುಂಗಬೇಕು, ಎಷ್ಟು ನುಂಗಬೇಕೆಂದು ತಿಳಿಯಲು ತಿಂಗಳಿಗೊಮ್ಮೆ ರಕ್ತ ತೋರಿಸಬೇಕು. ಎರಡನ್ನೂ ನಾವೇ ನೋಡಿಕೊಳ್ಳುತ್ತೇವೆ ಎಂದಿದ್ದರು. ಪಕ್ಕದ ಮಂಚದಲ್ಲಿ ಮಸ್ಕಿಯ ಖಾಸಿಂಬೀ ಇದ್ದಳು. ಇಬ್ಬರಿಗೂ ಒಂದೇ ದಿನ, ಒಂದೇ ನಮೂನೆಯ ಕವಾಟ. ಯಾರ ಎದೆ ಜೋರಾಗಿ ಟಿಕ್ ಅನ್ನುತ್ತದೆಂದು ಇಬ್ಬರೂ ಪಂದ್ಯ ಕಟ್ಟಿ ನರ್ಸಮ್ಮನ ಕೈಲಿ ಬೈಸಿಕೊಂಡಿದ್ದರು.

ಗುಳಿಗೆ ಬರುತ್ತಲೇ ಇತ್ತು. ರಕ್ತ ನೋಡುವ ಗಾಡಿ ಒಂದು ವರ್ಷ ಬಂದು ನಿಂತುಹೋಯಿತು. ಹೋದ ಮಳೆಗಾಲದಲ್ಲಿ ಖಾಸಿಂಬೀಯ ಕವಾಟ ಹೆಪ್ಪುಗಟ್ಟಿದ ರಕ್ತದಲ್ಲಿ ಸಿಕ್ಕಿಕೊಂಡಿತು. ಲಿಂಗಸುಗೂರಿಗೆ ಒಯ್ಯುವಾಗ ದಾರಿಯಲ್ಲೇ ಸತ್ತಳು.

ಬದುವಿನ ಮೇಲೆ ನಿಂತಿದ್ದವನು ರಾಜೇಶ. ಕವಾಟ ಹಾಕಿಸಿಕೊಂಡವರ ಆರೋಗ್ಯ ವಿಚಾರಿಸಿ ಬರೆದುಕೊಳ್ಳಲು ಆಸ್ಪತ್ರೆಯವರು ಇಟ್ಟುಕೊಂಡಿದ್ದ ಆಳು. ಮುದುಕಮ್ಮನ ಊರು ದಢೇಸುಗೂರಿನ ಕೇರಿಯೊಳಗೆ ಎಂದೂ ಕಾಲಿಟ್ಟವನಲ್ಲ, ಫೋನಿನಲ್ಲೇ ಕೇಳಿ ತುಂಬಿಕೊಳ್ಳುತ್ತಿದ್ದ.

"ಒಂದು ಸಾಕ್ಷಿ ಸಹಿ ಬೇಕಿತ್ತಬೇ, ನೀನು ಆಕಿ ಗೆಳತಿ ಅಲ್ಲ. ಖಾಸಿಂಬೀ ಊರು ಬಿಟ್ಟು ಹೋಗ್ಯಾಳ, ಎಲ್ಲಿ ಅದಾಳೋ ಗೊತ್ತಿಲ್ಲ ಅಂತ."

"ಸತ್ತಾಳಲ್ಲೋ ಯಪ್ಪಾ."

"ನನಗೂ ಗೊತ್ತೈತಿ. ಸತ್ತಾಳಂತ ಬರದ್ರ ಯಾಕ ಸತ್ತಳು, ರಕ್ತ ಯಾಕ ನೋಡಲಿಲ್ಲ ಅಂತ ನೂರೆಂಟು ಕೇಳ್ತಾರ. ಸಿಕ್ಕಿಲ್ಲಂತ ಬರದ್ರ ಯಾರೂ ಏನೂ ಕೇಳಂಗಿಲ್ಲ."

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಎತ್ತುವ ಅವಸರದಲ್ಲಿ ಸ್ಪೀಕರ್ ಒತ್ತಿಬಿಟ್ಟ. ಆ ಕಡೆಯಿಂದ ದೊಡ್ಡ ಡಾಕ್ಟರ ದನಿ ಬದುವಿನ ತುಂಬ ಕೇಳಿಸಿತು: "ಆ ಹೆಂಗಸು ಸಹಿ ಹಾಕಿದಳೇನಯ್ಯಾ? ಅಷ್ಟು ಬೆಲೆಯ ಕವಾಟ ಪುಕ್ಕಟೆ ಹಾಕಿದ್ದೀವಿ. ನಾಯಿಗೆ ಹಾಕಿದ್ದರೆ ಬಾಲವಾದರೂ ಅಲ್ಲಾಡಿಸುತ್ತಿತ್ತು."

ರಾಜೇಶ ಗಡಬಡಿಸಿ ಫೋನು ಬಂದ್ ಮಾಡಿದ.

"ನಾಯಿಗೆ ಹಾಕಿದ್ರ ಇಷ್ಟೊತ್ತಿಗೆ ಕಡಿತಿತ್ತು, ಹೇಳು ಅವಗ" ಎಂದಳು ಮುದುಕಮ್ಮ.

"ನೋಡು, ಸಹಿ ಮಾಡಲಿಲ್ಲಂದ್ರ ನಿನ್ನ ಗುಳಗಿ ಬರೋದು ಕಷ್ಟ ಐತಿ."

ಗುಳಿಗೆ ತಪ್ಪಿದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೈಯಲ್ಲಿದ್ದ ಸಸಿಯ ಕಟ್ಟನ್ನು ನೀರಿನಲ್ಲಿ ಜಾಲಾಡಿ ಬದುವಿನ ಮೇಲಿಟ್ಟಳು.

"ಆಕಿ ಮಗಳ ಸಹಿ ಬ್ಯಾಡೇನು?"

"ಮಾಹಿರಾದೂ ಬೇಕು. ಆಕಿ ಫೋನ್ ಎತ್ತವಲ್ಲಳು."

"ನನ್ನ ಮಾತು ಕೇಳ್ತಾಳ. ಮಸ್ಕಿಗೆ ಕರಕೊಂಡು ನಡಿ."

ಕಾಲುವೆಯಲ್ಲಿ ಕೈಕಾಲು ತೊಳೆದುಕೊಂಡು ಬಂದವಳನ್ನು ಕೂರಿಸಿಕೊಳ್ಳುವ ಮುಂಚೆ ರಾಜೇಶ ಬೈಕಿನ ಹಿಂದಿನ ಸೀಟಿಗೆ ಗೊಬ್ಬರದ ಚೀಲ ಹಾಸಿದ. "ಹಿಂದಿನ ಕಂಬಿ ಹಿಡ್ಕೋ, ನನ್ನ ಮುಟ್ಟಬ್ಯಾಡ" ಎಂದ. ಸಿಂಧನೂರಿನಲ್ಲಿ ಗಾಡಿ ನಿಲ್ಲಿಸಿ ತಾನೊಬ್ಬನೇ ಚಹಾ ಕುಡಿಯತೊಡಗಿದ. ಮುದುಕಮ್ಮ ಗಾಡಿಯ ಹತ್ತಿರದಿಂದಲೇ ದನಿ ಎತ್ತಿದಳು. "ಏ ಅಣ್ಣಾ, ನನಗೂ ಒಂದು ಚಾ ಕೊಡು. ಸಾಬ್ರ ಜೋಡಿ ಬಂದೀನಿ, ಅವ್ರ ಕೊಡ್ತಾರ." ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದ್ದರಿಂದ ಅವನು ಕೊಡಲೇಬೇಕಾಯಿತು.

ಮಸ್ಕಿಯಲ್ಲಿ ಖಾಸಿಂಬೀಯ ಮಗಳು ಮಾಹಿರಾ ಬಾಗಿಲಿನಲ್ಲಿ ಕೂತು ಜಂಪರು ಹೊಲಿಯುತ್ತಿದ್ದಳು. ರಾಜೇಶ ಕಾಗದ ಬಿಚ್ಚಿ ಹೇಳಿ ಮುಗಿಸುವ ತನಕ ಅವಳ ಮಷೀನು ನಿಲ್ಲಲಿಲ್ಲ. ಮುಗಿದ ಮೇಲೆ ನಿಂತಿತು.

"ನಮ್ಮ ಅಮ್ಮೀ ಊರು ಬಿಟ್ಟು ಓಡಿಹೋಗ್ಯಾಳಂತ ನಾನು ಬರಕೊಡಬೇಕ?" ಎಂದು ಮುದುಕಮ್ಮನನ್ನೇ ಕೇಳಿದಳು. "ಮೌಸಿ, ನೀನೂ ಇದಕ್ಕ ಬಂದೀಯೇನು?"

"ಬುರ್ಖಾ ಹಾಕ್ಕೊ ಮಗಳ. ಸಾಬ್ರಿಗೆ ನಿಮ್ಮವ್ವ ಎಲ್ಲಿ ಅದಾಳಂತ ತಿಳೀವಲ್ದಂತ. ತೋರಿಸಿ ಬರೋಣು."

ಸಹಿಗೆ ಮೊದಲು ಯಾರಾದರೂ ಹಿರಿಯರನ್ನು ಕೇಳುತ್ತಾರೇನೋ ಎಂದುಕೊಂಡು ರಾಜೇಶ ಅವರ ಹಿಂದೆ ಮೆಲ್ಲಗೆ ಗಾಡಿ ಓಡಿಸಿದ. ಅವರು ನಿಂತದ್ದು ಖಬರಸ್ತಾನದ ಬಿದ್ದ ಗೋಡೆಯ ಹತ್ತಿರ. ಒಳಗೆ ಹೆಂಗಸರು ಹೋಗುವಂತಿರಲಿಲ್ಲ. ಹೋಗುವ ಅಗತ್ಯವೂ ಇರಲಿಲ್ಲ. ಗೋಡೆಯಾಚೆ ನಾಲ್ಕು ಮಾರಿನಲ್ಲೇ ಜಾಲಿ ಮುಳ್ಳು ಹೊದಿಸಿದ ಗೋರಿ ಕಾಣುತ್ತಿತ್ತು.

"ಅಲ್ಲೇ ಅದಾಳ" ಎಂದಳು ಮುದುಕಮ್ಮ. "ಸಿಕ್ಕಳಲ್ಲ, ಹೋಗಿ ಆರೋಗ್ಯ ಕೇಳು."

ರಾಜೇಶ ಗಾಡಿಯ ಕಡೆ ತಿರುಗಿದ. ಅದರಲ್ಲೇ ಬಿಟ್ಟಿದ್ದ ಕೀಲಿಯನ್ನು ಮಾಹಿರಾ ಆಗಲೇ ಕಿತ್ತು ಬುರ್ಖಾದೊಳಗೆ ಸೇರಿಸಿದ್ದಳು. ಗೋರಿ ತೋಡುವ ಬುಡ್ಡೇಸಾಬ್ ಸಲಿಕೆ ಹಿಡಿದು ಒಳಗಿನಿಂದ ಬಂದ.

"ದವಾಖಾನಿಯವ್ರು ಚಾಚಾ, ಅಮ್ಮೀನ ವಿಚಾರಸಾಕ ಬಂದಾರ" ಎಂದಳು ಮಾಹಿರಾ.

ಬುಡ್ಡೇಸಾಬ್ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ಬರ್ರಿ ಸಾಬ್. ಇಲ್ಲಿ ಮಂದೀನ ಕೇಳಾಕ ಸರ್ಕಾರದವ್ರೂ ಬರಂಗಿಲ್ಲ."

ರಾಜೇಶ ಗೋಡೆ ದಾಟಿದ. ಫೋನಿನಲ್ಲಿ ಖಾಸಿಂಬೀಯ ಹೆಸರಿನ ಫಾರಂ ತೆರೆದರೆ, ತಿಂಗಳುಗಟ್ಟಲೆ ಉತ್ತರ ಬಾರದ ಹೆಸರಾದ್ದರಿಂದ, ಮೊದಲಿಗೇ ಅದು ರೋಗಿ ಇರುವ ಜಾಗದ ಫೋಟೋ ಕೇಳಿತು. ತೆಗೆದ. ಊರು, ದಿನ, ಹೊತ್ತು ತಾವಾಗಿಯೇ ಅದರ ಕೆಳಗೆ ಮೂಡಿದವು. ಅವನ ಬೆರಳು ಅಲ್ಲೇ ನಿಂತಿತು.

"ಕಳಸು" ಎಂದಳು ಮುದುಕಮ್ಮ ಗೋಡೆಯಾಚೆಯಿಂದ.

"ನೌಕರಿ ಹೊಕ್ಕೈತಬೇ. ನಾನು ಬರೇ ಹೇಳಿದ್ದು ಮಾಡಂವ."

"ಹೋದ್ರ ನಮ್ಮ ಸಾಲಿನ್ಯಾಗ ಬಾ. ನೆಲ್ಲು ಹಚ್ಚೋದು ನಾ ಕಲಸ್ತೀನಿ. ಬಾಡ್ಯಾ, ಕಳಸು ಮೊದಲ."

ಬುಡ್ಡೇಸಾಬ್ ಸಲಿಕೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಫೋಟೋ ಹೋಯಿತು.

"ನಿನ್ನ ಗುಳಗಿ ಬಂದ್ ಆಗ್ತಾವ, ನೋಡ್ತಿರು" ಎಂದ ರಾಜೇಶ. ಅವನ ದನಿ ಅಳು ಬಂದಂತಿತ್ತು.

ಮುದುಕಮ್ಮ ಗೋಡೆಯ ಕಲ್ಲಿನ ಮೇಲೆ ಕೂತಳು. ಅವಳ ಎದೆಯ ಟಿಕ್ ಟಿಕ್ ರಾಜೇಶನಿಗೂ ಕೇಳಿಸಿತು.

"ಆಗ್ಲಿ. ನಮ್ಮ ಕೇರಿ ಮಂದೀನ ಹೂಳೋದು ಹಳ್ಳದ ಆಚಿ ದಂಡಿಗೆ. ಈಗ ಬರ್ಕೋ, ಮುಂದ ಹುಡುಕಾಡಬ್ಯಾಡ. ಅದರಾಗ ಇನ್ನ ಏನೇನು ಕೇಳೋದೈತಿ?"

"ಹನ್ನೆರಡು ಪ್ರಶ್ನಿ."

"ಓದು. ಜೋರಾಗಿ ಓದು, ಮಣ್ಣು ದಪ್ಪ ಐತಿ."

ರಾಜೇಶ ದನಿ ಎತ್ತಿ ಓದಿದ. "ಹೋದ ತಿಂಗಳು ಮೆಟ್ಟಿಲು ಹತ್ತುವಾಗ ನಿಮಗೆ ಉಸಿರು ಕಟ್ಟಿತ್ತೇ?"

ಬುಡ್ಡೇಸಾಬ್ ಸಲಿಕೆಯ ಹಿಡಿಗೆ ಗದ್ದ ಊರಿ ಗೋರಿಯ ಕಡೆ ನೋಡಿದ. ಮಾಹಿರಾಳೂ ಅತ್ತಲೇ ನೋಡುತ್ತಿದ್ದಳು. ರಾಜೇಶ ಕಾದ.

"ಮುಂದಿಂದು" ಎಂದಳು ಮುದುಕಮ್ಮ.