ಮೂಸಿ ಹೋದ ಮೀನು

ನನ್ನ ಹೆಂಡತಿ ಹೆಸ್ಟರ್ ಸುಳ್ಳುಗಾತಿ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಊರವರ ಬಾಯಲ್ಲಿ ಮಾತ್ರ ಅವಳು ದೇವತೆ. ಕಣ್ಣು ಹೋದ ಗಂಡನನ್ನು ಬೇಸಿಗೆಯುದ್ದಕ್ಕೂ ಕೈಹಿಡಿದು ಹೊಳೆಗೆ ಕರೆದುಕೊಂಡು ಹೋದಳಲ್ಲ, ಚರ್ಚಿನ ಹೆಂಗಸರಿಗೆ ಅಷ್ಟು ಸಾಕು. ಅವರಲ್ಲಿ ಒಬ್ಬರೂ ಗಾಳ ಹಿಡಿದವರಲ್ಲ. ಅವಳು ನನಗೆ ಮಾಡಿದ್ದೇನು ಎಂದು ಬಿಡಿಸಿ ಹೇಳಿದರೆ, ‘ಅಯ್ಯೋ ಪಾಪ, ಎಷ್ಟು ಒಳ್ಳೆಯವಳು’ ಎಂದು ಇನ್ನೊಂದು ಬಟ್ಟಲು ಚಹಾ ಬಗ್ಗಿಸಿಕೊಳ್ಳುತ್ತಾರೆ.

ಹಾಗಾಗಿ ಮೊದಲು ಮೀನಿನ ವಿಷಯ ಹೇಳಬೇಕು. ಹುಳು ಚುಚ್ಚಿ, ಗಾಳ ಮುಳುಗಿಸಿ, ತೂಕಡಿಸುತ್ತ ಕೂರುವವರು ಇಚೆನ್ ಹೊಳೆಯಲ್ಲಿ ನಮ್ಮ ಮೀನುಗಾರರ ಕ್ಲಬ್ಬಿಗೆ ಸೇರಿದ ಪಾಲಿಗೆ ಬರುವ ಹಾಗಿಲ್ಲ. ನಮ್ಮ ನೀರು ಸುಣ್ಣದ ಗುಡ್ಡದಿಂದ ಸೋಸಿ ಬರುವ ನೀರು, ತಳದ ಒಂದೊಂದು ಕಲ್ಲೂ ಕಾಣುತ್ತದೆ. ಅದರಲ್ಲಿ ಟ್ರೌಟ್ ಮೀನು ಹರಿವಿಗೆ ಎದುರಾಗಿ ನಿಂತು, ತೇಲಿ ಬರುವ ನೊಣಗಳನ್ನು ಮೇಲೆದ್ದು ಹೀರುತ್ತಿರುತ್ತದೆ. ನೀವು ಅದನ್ನು ಮೊದಲು ಕಾಣಬೇಕು. ಕಾಣುವ ತನಕ ಗಾಳದ ಕೋಲು ಎತ್ತಬಾರದು. ಕಂಡ ಮೇಲೆ, ಅದು ಈಗ ತಿನ್ನುತ್ತಿರುವ ನೊಣ ಯಾವುದು ಎಂದು ಗುರುತಿಸಿ, ಗರಿ ಮತ್ತು ರೇಷ್ಮೆ ಎಳೆಯಿಂದ ಕೊಕ್ಕೆಗೆ ಕಟ್ಟಿದ ಅಂಥದೇ ನೊಣವನ್ನು ಅದರ ಮೂಗಿನ ಮುಂದೆ ಇಳಿಸಬೇಕು. ಅದು ಒದ್ದೆಯಾಗದೆ, ಮುಳುಗದೆ, ಹರಿವು ಕೊಂಡೊಯ್ದ ಹಾಗೆ ತೇಲಬೇಕು. ದಾರ ಕೂದಲೆಳೆಯಷ್ಟು ಎಳೆದರೂ ಮೀನಿಗೆ ಗೊತ್ತಾಗಿಬಿಡುತ್ತದೆ.

ಎಲ್ಲ ಸರಿಹೋದರೆ ಅದು ಮೆಲ್ಲಗೆ ಮೇಲೆ ಬರುತ್ತದೆ. ನಿಮ್ಮ ನೊಣದ ಕೆಳಗೇ ಅದೂ ಹಿಂದೆ ಹಿಂದೆ ತೇಲುತ್ತ ನೋಡುತ್ತದೆ. ಆಗ ನಿಮಗೆ ಉಸಿರಿರುವುದಿಲ್ಲ. ನಾನು ಬೀಜದ ಅಂಗಡಿ ನಡೆಸಿದ್ದು, ತೆರಿಗೆ ಕಟ್ಟಿದ್ದು, ಭಾನುವಾರ ಮಾವನ ಮನೆಯಲ್ಲಿ ಒಣಗಿದ ಕುರಿಮಾಂಸ ತಿಂದು ಚೆನ್ನಾಗಿದೆ ಅಂದದ್ದು, ಎಲ್ಲವೂ ಆ ಒಂದು ಗಳಿಗೆಯ ಸಲುವಾಗಿ. ಅದು ಬಾಯಿ ಹಾಕಿದರೂ ಅವಸರ ಮಾಡಬಾರದು. ಮನಸ್ಸಿನಲ್ಲೇ ರಾಣಿಗೆ ಒಂದು ಜಯಕಾರ ಹಾಕಿ ಆಮೇಲೆ ಕೋಲು ಎತ್ತಬೇಕು. ಬಾಯಿ ಹಾಕದೆ ಮೂಸಿ ಹೋದರೂ ನಮ್ಮಲ್ಲಿ ಅವಮಾನವಿಲ್ಲ. ಬುಟ್ಟಿ ತುಂಬಿಸಿಕೊಂಡು ಬಂದವನ ಮಾತನ್ನು ಕ್ಲಬ್ಬಿನ ಗುಡಿಸಲಿನಲ್ಲಿ ಯಾರೂ ಕೇಳುವುದಿಲ್ಲ. ಸಂಜೆಯೆಲ್ಲ ಒಂದೇ ಮೀನಿನ ಕೈಯಲ್ಲಿ ಬೇಡ ಅನ್ನಿಸಿಕೊಂಡವನು ಬಾಯಿ ತೆರೆದರೆ ಎಲ್ಲರೂ ಸೇದುವ ಪೈಪು ಕೆಳಗಿಡುತ್ತಾರೆ.

ಮೀನು ಕಾಣದೆ ಸುಮ್ಮನೆ ನೊಣ ಎಸೆಯುವವನಿಗೆ ನಾವಿಟ್ಟ ಹೆಸರು ‘ನೀರು ಬಡಿಯುವವ’. ಅದಕ್ಕಿಂತ ಕೀಳು ಬೈಗುಳ ನಮ್ಮಲ್ಲಿಲ್ಲ. ಲಂಡನ್ನಿನಿಂದ ಬಂದ ಒಬ್ಬ ಬ್ಯಾಂಕಿನವನನ್ನು ನಾನು ಆ ಹೆಸರಿನಿಂದ ಕರೆದು, ಅವನು ಮತ್ತೆ ಈ ಕಡೆ ತಲೆ ಹಾಕದ ಹಾಗೆ ಮಾಡಿದ್ದುಂಟು.

ಇಂಥ ನನಗೆ ಕಣ್ಣು ಹೋಯಿತು. ಕಣ್ಣುಗುಡ್ಡೆಯೊಳಗೆ ಒತ್ತಡ ಹೆಚ್ಚಾಗುವ ಕಾಯಿಲೆ. ಮೊದಲು ಅಂಚು ಕಪ್ಪಾಯಿತು, ಆಮೇಲೆ ನಡು. ಕೊನೆಗೆ ಕಿಟಕಿ ಎಲ್ಲಿದೆ ಎನ್ನುವಷ್ಟು ಬೆಳಕು ಮಾತ್ರ ಉಳಿಯಿತು. ಕೋಲನ್ನು ಬಟ್ಟೆಯ ಚೀಲಕ್ಕೆ ಹಾಕಿ, ಕ್ಲಬ್ಬಿಗೆ ರಾಜೀನಾಮೆ ಹೇಳಿಕಳಿಸುತ್ತೇನೆ ಎಂದು ಕೂತಿದ್ದೆ.

“ನಾನು ನೋಡಿ ಹೇಳ್ತೀನಿ, ನೀನು ಎಸಿ,” ಅಂದಳು ಹೆಸ್ಟರ್.

“ನಿಂಗೆ ಟ್ರೌಟ್‌ಗೂ ಚಮಚಕ್ಕೂ ವ್ಯತ್ಯಾಸ ಗೊತ್ತಾ?”

“ಕಲಿಸಿದ್ರೆ ಗೊತ್ತಾಗುತ್ತೆ. ಇಷ್ಟು ವರ್ಷದಲ್ಲಿ ನೀನು ಯಾವತ್ತು ಕಲಿಸಿದ್ದೆ?”

ಆ ಚಳಿಗಾಲ ಅಡುಗೆಮನೆಯ ಒಲೆಯ ಪಕ್ಕ ಕೂತು ಅವಳಿಗೆ ಕಲಿಸಿದೆ. ಅವಳ ಅಂಗೈಯ ಮೇಲೆ ನನ್ನ ಬೆರಳಿನಿಂದ ಬರೆದು ತೋರಿಸಿದೆ: ದೊಡ್ಡ ಮೀನು ಮೂತಿ ಮಾತ್ರ ತೋರಿಸಿ ಹೀರಿದರೆ ಸುಳಿ ಇಷ್ಟು ಸಣ್ಣದು, ಮರಿ ಹಾರಿದರೆ ಇಷ್ಟು ದೊಡ್ಡ ಗಲಾಟೆ. ದಿಕ್ಕಿಗೆ ಗಡಿಯಾರದ ಮುಳ್ಳು, ದೂರಕ್ಕೆ ಗಜ. ಅವಳು ಚುರುಕಾಗಿ ಕಲಿತಳು. ಮೇಜರ್ ವೆನಿಂಗ್ ನಮ್ಮ ಕ್ಲಬ್ಬಿನ ಕಾರ್ಯದರ್ಶಿ, ಅವನೂ ಒಪ್ಪಿದ. “ಕೋಲು ನಿಮ್ಮ ಕೈಲಿರೋ ತನಕ ಸರಿ, ಮಿಸ್ಟರ್ ಥರ್ಲೋ. ಕಣ್ಣು ಯಾರದ್ದಾದ್ರೂ ಇರಲಿ, ಕಾನೂನಿನಲ್ಲಿ ಕಣ್ಣಿನ ಮಾತೇ ಇಲ್ಲ,” ಅಂದ.

ಮೇ ತಿಂಗಳು ನೊಣ ದಂಡಿಯಾಗಿ ಏಳುವ ಕಾಲ, ಮೀನುಗಳಿಗೆ ಹಬ್ಬ. “ಹತ್ತರ ಮುಳ್ಳು, ಎಂಟು ಗಜ,” ಎಂದು ಅವಳು ಪಿಸುಗುಟ್ಟಿದಳು. ನನ್ನ ತೋಳಿಗೆ ದಾರಿ ಮರೆತಿರಲಿಲ್ಲ. “ಬಂತು... ಬಂತು... ಹಾಕ್ತು!” ನಾನು ಜಯಕಾರ ಹಾಕಿ ಕೋಲೆತ್ತಿದೆ, ಕೋಲು ಬಾಗಿತು. ಇಬ್ಬರೂ ಹುಲ್ಲಿನ ಮೇಲೆ ಕೂತು ಹುಚ್ಚರ ಹಾಗೆ ನಕ್ಕೆವು. ಅವಳು ನನ್ನ ಟೋಪಿ ಕಿತ್ತು ತನ್ನ ತಲೆಗೆ ಹಾಕಿಕೊಂಡಳಂತೆ. ಆ ತಿಂಗಳು ಅಂಥ ನಾಲ್ಕಾರು ಮೀನು ಸಿಕ್ಕವು. ಅವು ನಿಜವಾದವು, ನನ್ನ ಕೈಗೆ ತೂಕ ಗೊತ್ತಿದೆ.

ಜೂನ್ ಕಳೆಯುತ್ತ ನೀರು ಇಳಿಯಿತು. ಆದರೆ ಹೆಸ್ಟರ್‌ಗೆ ಒಂದು ದೊಡ್ಡ ಮೀನು ಕಂಡಿತು. ಆಚೆ ದಡದ ಆಲ್ಡರ್ ಮರದ ಬೇರಿನ ಕೆಳಗೆ ಇದೆ, ಬೆನ್ನು ಅಗಲವಾಗಿದೆ, ಗತ್ತಿನಲ್ಲಿ ನಿಂತಿದೆ ಅಂದಳು. ನಾನು ಎಸೆದೆ. “ಮೇಲೆ ಬಂತು. ನೋಡ್ತಿದೆ. ಊಹೂಂ, ಮೂಸಿ ಹೋಯ್ತು.” ನೊಣ ಬದಲಿಸಿದೆ. ಮತ್ತೆ ಮೂಸಿತು. ಇನ್ನೂ ಸಣ್ಣದು ಕಟ್ಟಿಸಿದೆ. ಮೂತಿ ತಾಗಿಸಿ ಹೋಯಿತಂತೆ. ಅದಕ್ಕೆ ನಾವು ‘ಡೀನ್ ಸಾಹೇಬರು’ ಎಂದು ಹೆಸರಿಟ್ಟೆವು, ಕ್ಯಾಥೆಡ್ರಲ್‌ನ ದೊಡ್ಡ ಪಾದ್ರಿಯ ಹಾಗೆ ಊಟದಲ್ಲಿ ಬಹಳ ನಾಜೂಕು ಎಂದು. ಆ ಜಾಗದ ಪಕ್ಕದಲ್ಲೇ ಗಿರಣಿಯ ಕಟ್ಟೆಯಿಂದ ನೀರು ಧುಮುಕುತ್ತದೆ. ಅದರ ಸದ್ದಿನಲ್ಲಿ ಮೀನು ಹೀರುವ ‘ಗುಳಕ್’ ಕಿವಿಗೆ ಬೀಳುವುದಿಲ್ಲ.

ಆ ಜುಲೈನಷ್ಟು ಸುಖ ನಾನು ಕಣ್ಣಿದ್ದಾಗಲೂ ಪಟ್ಟಿರಲಿಲ್ಲ. ಸಂಜೆ ಹೊಳೆ, ಊಟಕ್ಕೆ ಕೂತರೆ ಡೀನ್ ಸಾಹೇಬರು. ಅವರು ಯಾವ ನೊಣಕ್ಕೆ ಎಷ್ಟು ಮೇಲೆ ಬಂದರು, ಎಡಕ್ಕೆ ತಿರುಗಿದರೋ ಬಲಕ್ಕೋ, ಬಾಲ ಹೇಗೆ ಆಡಿಸಿದರು, ಎಲ್ಲ ಕೇಳುತ್ತಿದ್ದೆ. ಅವಳು ಬೇಸರವಿಲ್ಲದೆ ಹೇಳುತ್ತಿದ್ದಳು. ಜೊತೆಗೆ ಮೋಡದ ಬಣ್ಣ, ಮಿಂಚುಳ್ಳಿ, ಆಚೆ ದಡದಲ್ಲಿ ಜಗಳಾಡುವ ಹಂಸಗಳನ್ನೂ ಹೇಳುತ್ತಿದ್ದಳು. ಅವಳ ಮಾತು ಇಷ್ಟು ಚೆಂದ ಎಂದು ನನಗೆ ಅಷ್ಟು ವರ್ಷ ಗೊತ್ತಿರಲಿಲ್ಲ. ಕ್ಲಬ್ಬಿನ ಗುಡಿಸಲಿನಲ್ಲಿ ನಾನು ಡೀನ್ ಸಾಹೇಬರ ಪುರಾಣ ಹೇಳಿದೆ. ಎಲ್ಲರೂ ಸುಮ್ಮನೆ ಕೇಳಿದರು. ಆ ಮೌನವನ್ನು ನಾನು ಮರ್ಯಾದೆ ಎಂದುಕೊಂಡೆ.

ಒಂದು ಶನಿವಾರ ಹೆಸ್ಟರ್ ಕಾರಿನಿಂದ ಫ್ಲಾಸ್ಕ್ ತರಲು ಹೋದಾಗ ವೆನಿಂಗ್ ಬಂದು ಪಕ್ಕದಲ್ಲಿ ಕೂತ.

“ಥರ್ಲೋ, ಬೇಜಾರು ಮಾಡ್ಕೋಬೇಡಿ. ಆ ಮರದ ಕೆಳಗೆ ಏನಕ್ಕೆ ಎಸೀತಿದ್ದೀರಿ?”

“ಹೇಳಿದ್ನಲ್ರೀ, ಡೀನ್‌ಗೆ.”

“ಅಲ್ಲಿ ಮೀನಿಲ್ಲ.”

“ಈಗ ಇಲ್ದೆ ಇರಬಹುದು. ನಿನ್ನೆ ಇತ್ತು.”

“ನಿನ್ನೇನೂ ಇರಲಿಲ್ಲ. ಜೂನ್‌ನಲ್ಲಿ ನೀರಿನ ಕಳೆ ಕತ್ತರಿಸಿದ್ವಲ್ಲ, ಆವಾಗಲೇ ನೀರು ಇಳಿದು ಆ ಮಡು ಹೋಯ್ತು. ಈಗಲ್ಲಿ ಪಾದ ಮುಳುಗೋಷ್ಟು ನೀರು, ಬರೀ ಜಲ್ಲಿ. ನಾನು ಹೇಳ್ತಿರಲಿಲ್ಲ, ಆದ್ರೆ ಕ್ಲಬ್ಬಿನ ಅತಿಥಿಗಳು ಸೇತುವೆ ಮೇಲೆ ನಿಂತು ನಗ್ತಿದ್ದಾರೆ. ಅದು ನನಗೆ ಸಹಿಸೋಕಾಗ್ಲಿಲ್ಲ.”

ನನಗೆ ಆಗ ಏನನ್ನಿಸಿತು ಎಂದು ಹೇಳಿಬಿಡುತ್ತೇನೆ: ಆ ಕ್ಷಣಕ್ಕೆ ನೆಲ ಬಾಯಿಬಿಟ್ಟು ನನ್ನನ್ನು ನುಂಗಿದ್ದರೆ ಖುಷಿಯಾಗುತ್ತಿತ್ತು. ತಿಂಗಳಿಡೀ ಊರೆದುರು ಜಲ್ಲಿಗೆ ನೊಣ ಎಸೆದಿದ್ದೆ. ಅದೂ ಮಂಡಿಯೂರಿ, ಮೀನು ಬೆದರದಿರಲಿ ಎಂದು ಉಸಿರು ಬಿಗಿಹಿಡಿದು. ಕಣ್ಣು ಹೋದಾಗ ನಾನು ಕುರುಡ ಮಾತ್ರ ಆಗಿದ್ದೆ. ನೀರು ಬಡಿಯುವವನನ್ನಾಗಿ ಮಾಡಿದ್ದು ಅವಳು.

ಕಾರಿನಲ್ಲಿ ಕೇಳಿದೆ. ಅವಳು ಇಲ್ಲ ಎನ್ನಲಿಲ್ಲ.

“ಮೊದಲ ದಿನ ಇತ್ತು,” ಅಂದಳು. “ಕಳೆ ಕೊಯ್ದ ಮೇಲೆ ಹೋಯ್ತು.”

“ಮತ್ತೆ ಹೇಳ್ಬಾರದಿತ್ತಾ?”

“ಹೇಳಿದ್ರೆ ಏನು ಮಾಡ್ತಿದ್ದೆ? ಕೋಲು ಬಿಚ್ಚಿ ಚೀಲಕ್ಕೆ ಹಾಕಿ, ಬಾಯಿ ಹೊಲ್ಕೊಂಡು ಮನೇಲಿ ಕೂತಿರ್ತಿದ್ದೆ. ಮದುವೆಯಾದಾಗಿಂದ ಬೇಸಿಗೆ ಸಂಜೆ ಅಂದ್ರೆ ನೀನು ನನ್ನ ಪಾಲಿಗಿಲ್ಲ ಎಡ್ವಿನ್. ಬೆಳಕಿರೋ ತನಕ ಹೊಳೆ, ಬೆಳಕು ಹೋದ್ಮೇಲೆ ಕ್ಲಬ್ಬು. ‘ಹೆಸ್ಟರ್, ಏನು ಕಾಣ್ತಿದೆ’ ಅಂತ ನೀನು ನನ್ನನ್ನ ಕೇಳಿದ್ದು ಈ ವರ್ಷವೇ ಮೊದಲು. ‘ಏನೂ ಇಲ್ಲ’ ಅಂತ ಹೇಳೋಕೆ ನಂಗೆ ಬಾಯಿ ಬರಲಿಲ್ಲ.”

“ಅದಕ್ಕೆ ನನ್ನನ್ನ ಕೋತಿ ಕುಣಿಸಿದ ಹಾಗೆ ಕುಣಿಸಿದೆ.”

“ನೀನು ಖುಷಿಯಾಗಿದ್ದೆ ಮಾರಾಯ!”

“ನನ್ನ ಖುಷಿ ಯಾರಿಗೆ ಬೇಕಾಗಿತ್ತು? ನಾನು ನಿನ್ನ ಕಣ್ಣು ಕೇಳಿದ್ದೆ.”

ಅವಳು ಅತ್ತಳೇನೋ, ನನಗೆ ಕಾಣಲಿಲ್ಲ, ನಾನು ಕೇಳಲೂ ಇಲ್ಲ. ಅಷ್ಟೂ ದಿನ ಅವಳು ಹೇಳಿದ ಮಿಂಚುಳ್ಳಿ, ಹಂಸ, ಮೋಡ ಯಾವುದು ಇತ್ತು, ಯಾವುದು ಇರಲಿಲ್ಲ ಎಂದು ಲೆಕ್ಕ ಹಾಕುತ್ತ ನಾನು ಕೂತಿದ್ದೆ.

ಆಗಸ್ಟ್ ಇಡೀ ಮನೆಯಲ್ಲಿದ್ದೆ. ಸೆಪ್ಟೆಂಬರಿನಲ್ಲಿ, ಋತು ಮುಗಿಯುವ ಮೊದಲು ಒಂದು ಸಲ ಹೋಗಲೇಬೇಕು ಅನ್ನಿಸಿತು. ಹೋಗದಿದ್ದರೆ ಸೇತುವೆಯ ಮೇಲೆ ನಕ್ಕವರು ಗೆದ್ದ ಹಾಗೆ. ಹೆಸ್ಟರ್‌ಗೆ ಕಟ್ಟುನಿಟ್ಟಾಗಿ ಹೇಳಿದೆ, “ಇದ್ರೆ ಇದೆ ಅನ್ನು, ಇಲ್ದಿದ್ರೆ ಇಲ್ಲ ಅನ್ನು. ಬಣ್ಣ ಕಟ್ಟಬೇಡ.”

“ಆಯ್ತು,” ಅಂದಳು.

ಕಟ್ಟೆಯ ಕೆಳಗೆ ಬೆಂಚಿನ ಮೇಲೆ ಕೂತೆವು. ನಾನು ಆಗಾಗ ಕೇಳಿದೆ. “ಇಲ್ಲ,” ಅಂದಳು. “ಇಲ್ಲ.” ಮತ್ತೆ “ಇಲ್ಲ.” ಮೋಡ ಹೇಗಿದೆ ಎಂದು ಹೇಳಲಿಲ್ಲ. ಮುಖದ ಮೇಲಿನ ಬಿಸಿಲು ಆರಿತು. ಆಗ ಅವಳ ಕೈ ನನ್ನ ತೋಳನ್ನು ಹಿಡಿಯಿತು.

“ಇದೆ. ಹನ್ನೊಂದರ ಮುಳ್ಳು, ಹತ್ತು ಗಜ. ಹಳೇ ಬೇಲಿ ಗೂಟದ ಪಕ್ಕ.”

ನಾನು ಕೋಲನ್ನು ಎತ್ತಲಿಲ್ಲ.

“ಎಷ್ಟು ದೊಡ್ಡದು?”

“ದೊಡ್ಡದು.”

“ಓಹೋ. ಬೆನ್ನು ಅಗಲವಾಗಿದೆಯಾ? ಗತ್ತಿನಲ್ಲಿ ನಿಂತಿದೆಯಾ?”

ಅವಳ ಕೈ ತೋಳಿನಿಂದ ಸರಿಯಿತು. “ಎಡ್ವಿನ್, ನಿಜವಾಗ್ಲೂ ಇದೆ. ಇನ್ನೊಂದು ಸಲ ಹೇಳಲ್ಲ.”

“ಬೇಡ. ಒಂದು ಸಲಕ್ಕೇ ಸಾಕಾಗಿದೆ.”

ಹೀಗೆ ಕೂತಿರುವಾಗ ಹಿಂದಿನಿಂದ ಬೂಟಿನ ಸದ್ದಾಯಿತು. ವೆನಿಂಗ್. ನಮ್ಮಲ್ಲಿ ಮೀನನ್ನು ಮೊದಲು ಕಂಡವನದ್ದೇ ಮೊದಲ ಹಕ್ಕು, ಅವನನ್ನು ಕೇಳದೆ ಇನ್ನೊಬ್ಬ ಎಸೆಯುವುದಿಲ್ಲ. ಅವನು ದನಿ ತಗ್ಗಿಸಿ ಕೇಳಿದ:

“ಥರ್ಲೋ, ಆ ಗೂಟದ ಹತ್ರ ಇರೋದು ನಿಮ್ಮದು ತಾನೆ? ನೀವು ಎಸೀರಿ. ನಾನು ಕಾಯ್ತೀನಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಇಬ್ಬರೂ ಸೇರಿ ಹೂಡಿದ ಆಟ ಇದು ಎಂದುಕೊಂಡೆ. ಕುರುಡನಿಗೆ ಒಂದು ಒಳ್ಳೆಯ ಸಂಜೆ ಕೊಡೋಣ ಎಂದು ಗುಡಿಸಲಿನಲ್ಲಿ ಮಾತಾಡಿಕೊಂಡಿರಬೇಕು. ಆ ಹೆಂಗಸು ಹೋಗಿ ಅವನ ಕಾಲು ಹಿಡಿದಿರಬೇಕು.

“ನನ್ನದಲ್ಲ,” ಅಂದೆ. “ನೀವೇ ಎಸೀರಿ ಮೇಜರ್. ನಾವೂ ಸ್ವಲ್ಪ ನಗ್ತೀವಿ.”

“ನಿಜವಾಗ್ಲೂ?”

“ಎಸೀರಿ ಅಂದ್ನಲ್ಲ!”

ದಾರ ಗಾಳಿ ಸೀಳುವ ಸದ್ದು ಒಮ್ಮೆ, ಎರಡು ಸಲ ಕೇಳಿಸಿತು. ಆಮೇಲೆ ಏನೂ ಇಲ್ಲ. ನೋಡಿದೆಯಾ ಎಂದು ನಾನು ಹೆಸ್ಟರ್‌ಗೆ ಹೇಳಬೇಕು ಎನ್ನುವಷ್ಟರಲ್ಲಿ ಅವನ ರೀಲು ಕಿರುಚಿತು. ಮೀನು ದಾರ ಎಳೆದುಕೊಂಡು ಕಟ್ಟೆಯ ಕಡೆ ಓಡಿತು, ತಿರುಗಿತು, ಮತ್ತೆ ಓಡಿತು. ಬಹಳ ಹೊತ್ತು. ನಾನು ಬೆಂಚಿನ ಹಲಗೆ ಹಿಡಿದುಕೊಂಡು ಕೂತಿದ್ದೆ.

ಕೊನೆಗೆ ವೆನಿಂಗ್ ಏದುಸಿರು ಬಿಡುತ್ತ ಬಂದು ನನ್ನ ಮುಂದೆ ಮಂಡಿಯೂರಿದ. “ನೀವು ಬಿಟ್ಟುಕೊಟ್ಟಿದ್ದು ಬಹಳ ದೊಡ್ಡ ಮನಸ್ಸು ಥರ್ಲೋ. ನಾನಾಗಿದ್ರೆ ಬಿಡ್ತಿರಲಿಲ್ಲ. ಕೈ ಕೊಡಿ,” ಎಂದು ಮೀನನ್ನು ನನ್ನ ಎರಡೂ ಅಂಗೈಗಳ ಮೇಲೆ ಇಟ್ಟ. ತಣ್ಣಗೆ, ಭಾರವಾಗಿ, ನನ್ನ ಮೊಣಕೈ ತನಕ ಇತ್ತು. ಅದರ ಕಿವಿರು ಇನ್ನೂ ಆಡುತ್ತಿತ್ತು. ನಾನು ಏನೋ ಒಂದು ಮೆಚ್ಚುಗೆಯ ಮಾತು ಹೇಳಿದೆ.

ಹೆಸ್ಟರ್ ನನ್ನ ಕೈ ಒರೆಸಿದಳು, ಕೋಲು ಬಿಚ್ಚಿ ಚೀಲಕ್ಕೆ ಹಾಕಿದಳು, ಕಾರಿನ ತನಕ ನಡೆಸಿಕೊಂಡು ಬಂದಳು. ಅವಳು ಒಂದು ಸಲ ‘ನಾನು ಹೇಳಿರಲಿಲ್ವಾ’ ಎಂದು ಚುಚ್ಚಲಿ ಎಂದು ನಾನು ಕಾಯುತ್ತಿದ್ದೆ. ಚುಚ್ಚಿದರೆ ಬೈಯಬಹುದಿತ್ತು, ಬೈದರೆ ಮಾತು ಶುರುವಾಗುತ್ತಿತ್ತು. ಹಳ್ಳಿಯ ತಿರುವು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. ಆ ಮೀನು ನನ್ನ ಕೈಯಲ್ಲಿತ್ತು, ಆದರೆ ಅದು ಎದ್ದದ್ದನ್ನು ನಾನು ಕಂಡಿರಲಿಲ್ಲ. ಅದೊಂದನ್ನು ತಿಳಿಯದೆ ನನಗೆ ನಿದ್ದೆ ಬರುವ ಹಾಗಿರಲಿಲ್ಲ.

“ಹೆಸ್ಟರ್,” ಅಂದೆ, “ಅವನ ನೊಣಕ್ಕೆ ಅದು ಹೇಗೆ ಎದ್ದು ಬಂತು? ನಿಧಾನವಾಗಿ ಬಂತಾ? ಬಾಯಿ ಹಾಕೋ ಮುಂಚೆ ನೋಡಿತಾ?”

ಅವಳು ಗೇರು ಬದಲಿಸಿದಳು.

“ನಾನು ನೋಡ್ಲಿಲ್ಲ,” ಅಂದಳು.